ಕುರ್ಚಿಗೆ ಹೊದಿಸಿದ ಬಟ್ಟೆ

ಆ ಊರಿನಲ್ಲಿ ಮರಗಳಿಗೂ ಹಗ್ಗ ಕಟ್ಟಿದ್ದರು, ಗಾಳಿಗೆ ಕೊಂಬೆ ಅಲುಗಬಾರದು ಎಂದು. ದೀಪಗಳನ್ನು ಗಾಜಿನೊಳಗೆ ಇಡುತ್ತಿದ್ದರು, ಕುಡಿ ಅಲುಗಬಾರದು ಎಂದು. ಗಂಟೆಗಳ ನಾಲಗೆ ತೆಗೆದಿದ್ದರು. ತೊಟ್ಟಿಲುಗಳನ್ನು ನೆಲಕ್ಕೇ ಕೂರಿಸಿದ್ದರು, ಹಾಗಾಗಿ ಅವು ತೂಗುತ್ತಿರಲಿಲ್ಲ. ಜನರು ನಿಧಾನವಾಗಿ ನಡೆಯುತ್ತಿದ್ದರು, ಕೈಕಟ್ಟಿಕೊಂಡು ಮಾತಾಡುತ್ತಿದ್ದರು, ನಗು ಬಂದರೆ ಹೆಗಲು ಕುಲುಕದ ಹಾಗೆ ನಗುತ್ತಿದ್ದರು.

ಇದೆಲ್ಲ ಯಾಕೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಊರಿನವರು ಹುಚ್ಚರೆಂದು ಯಾರಾದರೂ ತಿಳಿಯಬಹುದು. ಅವರು ಹುಚ್ಚರಲ್ಲ, ಹೆದರಿದವರು. ಆ ಹೆದರಿಕೆಯನ್ನು ಅವರು ಒಂದು ಪಟದಿಂದ ಕಲಿತಿದ್ದರು.

ನೂರೈವತ್ತು ವರ್ಷಗಳ ಹಿಂದೆ ಆ ಊರಿಗೆ ಪಟ ತೆಗೆಯುವವನೊಬ್ಬ ಬಂದಿದ್ದ. ಅವನ ಹತ್ತಿರ ಮೂರು ಕಾಲಿನ ಮೇಲೆ ನಿಲ್ಲುವ ಕಪ್ಪು ಪೆಟ್ಟಿಗೆ ಇತ್ತು. ಅವನು ಗಾಜಿನ ಛಾವಣಿಯ ಒಂದು ಕೋಣೆ ಕಟ್ಟಿಸಿದ. ಗಾಜು ಯಾಕೆಂದರೆ, ಆ ಕಾಲದ ಪಟಕ್ಕೆ ಬಹಳ ಬೆಳಕು ಬೇಕಾಗಿತ್ತು. ಬೆಳಕಿನ ಜೊತೆ ಬಹಳ ಹೊತ್ತೂ ಬೇಕಾಗಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದು ಅವನು ಒಂದರಿಂದ ನಲವತ್ತರವರೆಗೆ ಎಣಿಸುತ್ತಿದ್ದ. ಅಷ್ಟು ಹೊತ್ತು ಎದುರಿಗಿದ್ದವರು ಅಲುಗಬಾರದು. ಅಲುಗಿದರೆ ಮುಖದ ಜಾಗದಲ್ಲಿ ಹೊಗೆಯಂಥದ್ದು ಬರುತ್ತಿತ್ತು.

ಅದೇ ವರ್ಷ ಊರಿಗೆ ಒಂದು ಬೇನೆ ಬಂತು. ಮನೆ ಮನೆ ಖಾಲಿಯಾಯಿತು. ಪಟ ತೆಗೆಯುವವನೂ ಹೋದ. ಬೇನೆ ಕಳೆದ ಮೇಲೆ ಉಳಿದ ನಾಲ್ಕು ಜನ ಆ ಗಾಜಿನ ಕೋಣೆಯ ಬಾಗಿಲು ತೆರೆದು ನೋಡಿದರು. ಒಳಗೆ ಪಟಗಳಿದ್ದವು. ಎಲ್ಲದರಲ್ಲೂ ಹೊಗೆ. ಒಂದರಲ್ಲಿ ಮಾತ್ರ ಒಂದು ಮಗು ಸ್ಪಷ್ಟವಾಗಿ ಕೂತಿತ್ತು.

ಮಗುವಿನ ತಲೆಗೆ ಜರಿಯ ಕುಲಾವಿ. ಕಾಲಿಗೆ ಕಡಗ. ಕೆನ್ನೆಗೆ ದೃಷ್ಟಿಬೊಟ್ಟು. ಹಿಂದೆ ಪರದೆಯ ಮೇಲೆ ಬರೆದ ಎರಡು ಕಂಬ, ಎಲ್ಲಿಗೂ ಹೋಗದ ನಾಲ್ಕು ಮೆಟ್ಟಿಲು. ಮಗು ಕೂತಿದ್ದದ್ದು ಒಂದು ದೊಡ್ಡ ಕುರ್ಚಿಯ ಮೇಲೆ. ಕುರ್ಚಿಗೆ ಹೂಬಳ್ಳಿಯ ದಪ್ಪ ಬಟ್ಟೆಯೊಂದನ್ನು ತುದಿಯಿಂದ ನೆಲದವರೆಗೆ ಹೊದಿಸಿದ್ದರು. ಪಟದಲ್ಲಿ ಬೇರೆ ಯಾರೂ ಇರಲಿಲ್ಲ.

ಉಳಿದ ನಾಲ್ಕು ಜನ ಆ ಪಟಕ್ಕೆ ಹೀಗೆ ಅರ್ಥ ಹೇಳಿದರು: ಮಗು ಒಂಟಿಯಾಗಿ ಕೂತಿದೆ. ಒಂಟಿಯಾಗಿ ಕೂತರೂ ಅಲುಗಲಿಲ್ಲ. ಅಲುಗದ್ದರಿಂದ ಉಳಿಯಿತು. ಅಲುಗಿದವರೆಲ್ಲ ಹೊಗೆಯಾದರು.

ಈ ನಾಲ್ಕು ಮಾತಿನಿಂದ ಊರಿನ ಕಟ್ಟಳೆ ಹುಟ್ಟಿತು. ಮಗುವಿಗೆ ಮೂರು ವರ್ಷ ತುಂಬಿದ ಮೇಲೆ, ನೆತ್ತಿಯ ಬಿಸಿಲಿನ ಹೊತ್ತಿಗೆ, ಅದನ್ನು ಪಟದ ಮನೆಗೆ, ಎಂದರೆ ಆ ಗಾಜಿನ ಕೋಣೆಗೆ, ಕರೆತರಬೇಕು. ಪಟದಲ್ಲಿರುವಂಥದೇ ಬಟ್ಟೆ ಹೊದಿಸಿದ ಕುರ್ಚಿಯ ಮೇಲೆ ಕೂರಿಸಬೇಕು. ತಾಯಿ ಏಳು ಹೆಜ್ಜೆ ನಡೆದು ಬಾಗಿಲಾಚೆ ಹೋಗಬೇಕು, ತಿರುಗಿ ನೋಡಬಾರದು. ಆಮೇಲೆ ನಲವತ್ತು ಎಣಿಸುತ್ತಾರೆ. ಮಗು ಅಲುಗದಿದ್ದರೆ ಅದಕ್ಕೆ ಹೆಸರಿಡುತ್ತಾರೆ, ಅದು ಊರಿನದಾಗುತ್ತದೆ. ಅಲುಗಿದರೆ ಅವತ್ತೇ ಸೇತುವೆಯ ಮೇಲೆ ಬಿಟ್ಟು ಆಚೆ ಕೇರಿಗೆ ಕಳಿಸುತ್ತಾರೆ.

ಆಚೆ ಕೇರಿ ಎಂದರೆ ಕ್ರೂರವಾದ ಜಾಗ ಎಂದುಕೊಳ್ಳಬಾರದು. ಅಲ್ಲಿದ್ದವರೂ ಅಲುಗಿದ ಮಕ್ಕಳೇ, ಬೆಳೆದು ದೊಡ್ಡವರಾದವರು. ಬಂದ ಮಗುವನ್ನು ಅವರು ಎತ್ತಿಕೊಳ್ಳುತ್ತಿದ್ದರು, ಉಣಿಸುತ್ತಿದ್ದರು. ಆದರೆ ತಾಯಿ ಜೊತೆಗೆ ಹೋಗುವಂತಿರಲಿಲ್ಲ. ಯಾರೂ ತಡೆಯುತ್ತಿರಲಿಲ್ಲ ನಿಜ. ಆದರೂ ಅಲುಗದೆ ಉಳಿದವರು ಸೇತುವೆ ದಾಟಿದರೆ ಅತ್ತ ಕಾಲಿಟ್ಟ ಕೂಡಲೇ ಹೊಗೆಯಾಗುತ್ತಾರೆ ಎಂದು ಎಲ್ಲರೂ ನಂಬಿದ್ದರು. ಯಾರೂ ದಾಟಿ ನೋಡಿರಲಿಲ್ಲ. ಸೇತುವೆಯ ನಡುವೆ ಮಗುವನ್ನು ಇಳಿಸಿ, ಬೆನ್ನು ತಿರುಗಿಸಿ ಬರುತ್ತಿದ್ದರು.

ಆ ಊರಿನಲ್ಲಿ ಒಬ್ಬ ಬಟ್ಟೆ ಮಡಿಸುವವಳಿದ್ದಳು. ಊರಿನ ಬಟ್ಟೆಯನ್ನೆಲ್ಲ ಒಗೆದು, ಒಣಗಿಸಿ, ಸುಕ್ಕು ಬಿಡಿಸಿ, ಮಡಿಸುವುದು ಅವಳ ಕೆಲಸ. ಅವಳಿಗಿಂತ ಮೊದಲು ಆ ಕೆಲಸವನ್ನು ಅವಳ ಅತ್ತೆ ಮಾಡುತ್ತಿದ್ದಳು. ಬಟ್ಟೆ ಮಡಿಸುವವಳ ಗಂಡ ತೀರಿಹೋಗಿದ್ದ. ಮನೆಯಲ್ಲಿ ಇದ್ದವರು ಅತ್ತೆ, ಸೊಸೆ ಮತ್ತು ಒಂದು ಹೆಣ್ಣುಮಗು. ಮಗುವಿಗೆ ಮೂರು ತುಂಬಲು ಐದು ದಿನ ಬಾಕಿ ಇತ್ತು.

ಆ ಮಗು ಕೂರುತ್ತಿರಲಿಲ್ಲ. ಇದನ್ನು ಉತ್ಪ್ರೇಕ್ಷೆ ಎಂದು ತಿಳಿಯಬೇಡಿ. ನಿದ್ದೆಯಲ್ಲೂ ಅದರ ಕಾಲು ಓಡುತ್ತಿತ್ತು. ಊಟಕ್ಕೆ ಕೂರಿಸಿದರೆ ತಟ್ಟೆಯನ್ನು ಸುತ್ತಿ ಬರುತ್ತಿತ್ತು. ತಾಯಿ ದಿನವೂ ಅದನ್ನು ಮಣೆಯ ಮೇಲೆ ಕೂರಿಸಿ ಎಣಿಸುತ್ತಿದ್ದಳು. "ಒಂದು, ಎರಡು, ಮೂರು" ಎನ್ನುವಷ್ಟರಲ್ಲಿ ಮಗು ಎದ್ದು, "ನಾಲ್ಕು ನಾನು ಹೇಳ್ತೀನಿ!" ಎಂದು ಕುಣಿಯುತ್ತಿತ್ತು.

"ನೀನು ಅದರ ಜೊತೆ ಒದ್ದಾಡಬೇಡ ಕಣೇ," ಎಂದಳು ಅತ್ತೆ. "ನನ್ನ ಮಗ ಹುಟ್ಟಿದಾಗಿನಿಂದ ಕಲ್ಲಿನ ಹಾಗಿದ್ದ. ಇದು ನಿನ್ನ ಕಡೆಯದು."

"ನಿಮ್ಮ ಮಗ ಕಲ್ಲಿನ ಹಾಗೇನೂ ಇರಲಿಲ್ಲ ಅತ್ತೆ. ಮದುವೆ ದಿನ ಹಸೆ ಮೇಲೆ ಕೂತು ನನ್ನ ಕಾಲು ಚಿವುಟಿದ್ದರು."

ಅತ್ತೆ ಹೆಗಲು ಕುಲುಕದ ಹಾಗೆ ನಕ್ಕಳು. ಆಮೇಲೆ ಮಗುವನ್ನು ಹಿಡಿದು ಮತ್ತೆ ಮಣೆಯ ಮೇಲೆ ಕೂರಿಸಿದಳು. ಐದು ದಿನ ಎಂಬುದು ಇಬ್ಬರಿಗೂ ನೆನಪಾಗಿತ್ತು.

ಪಟದ ಮನೆಯ ಕುರ್ಚಿಗೆ ಬಟ್ಟೆ ಹೊದಿಸುವುದು ಬಟ್ಟೆ ಮಡಿಸುವವಳ ಕರ್ತವ್ಯವಾಗಿತ್ತು. ಉಳಿದ ಜನ ಪಟವನ್ನು ಹತ್ತು ಹೆಜ್ಜೆ ದೂರದಿಂದ, ಹಗ್ಗದ ಆಚೆಯಿಂದ ನೋಡಬೇಕು. ಅವಳು ಮಾತ್ರ ಹತ್ತಿರ ಹೋಗಬಹುದು, ಯಾಕೆಂದರೆ ಕುರ್ಚಿಯ ಬಟ್ಟೆ ಪಟದಲ್ಲಿ ಇದ್ದ ಹಾಗೇ ಬೀಳಬೇಕು, ನಿರಿಗೆಗೆ ನಿರಿಗೆ ಹೊಂದಬೇಕು. ಈ ಕೆಲಸ ಅವಳ ಪಾಲಿಗೆ ಇದೇ ಮೊದಲು. ಹಿಂದಿನ ವರ್ಷದವರೆಗೂ ಅತ್ತೆ ಮಾಡಿದ್ದಳು.

ಅವಳು ಬಟ್ಟೆ ಹೊದಿಸಿದಳು. ಅದು ಪಟದ ಹಾಗೆ ಬೀಳಲಿಲ್ಲ. ತೆಗೆದು ಮತ್ತೆ ಹೊದಿಸಿದಳು, ಬೀಳಲಿಲ್ಲ. ಏಳು ಸಲ ಹೊದಿಸಿದಳು. ಏಳು ಸಲವೂ ಬಟ್ಟೆ ಕುರ್ಚಿಯ ಮೂಲೆಯಲ್ಲಿ ಚೂಪಾಗಿ ಮುರಿದು, ಹಲಗೆಯ ಉದ್ದಕ್ಕೂ ನೆಟ್ಟಗೆ ಇಳಿಯಿತು. ಪಟದಲ್ಲಿ ಅದು ಹಾಗಿರಲಿಲ್ಲ. ಮೇಲೆ ದುಂಡಗೆ ಇತ್ತು. ಅಲ್ಲಿಂದ ಎರಡೂ ಕಡೆ ಇಳಿಜಾರಾಗಿ ಜಾರಿತ್ತು. ಕೆಳಗೆ ಎರಡು ಕಡೆ ಉಬ್ಬಿ, ಆ ಉಬ್ಬುಗಳಿಂದ ನೆಲಕ್ಕೆ ಬಿದ್ದಿತ್ತು.

ಅವಳು ಮನೆಗೆ ಬಂದು ಕೇಳಿದಳು: "ಅತ್ತೆ, ಆ ಬಟ್ಟೆ ನಿಮಗೆ ಹೇಗೆ ಬೀಳ್ತಿತ್ತು?"

"ಬೀಳ್ತಿರಲಿಲ್ಲ," ಎಂದಳು ಅತ್ತೆ. "ಯಾರ ಕೈಗೂ ಬೀಳಲ್ಲ. ಒಳಗೆ ದಿಂಬು ಇಡಬೇಕು. ಮೇಲೊಂದು ಉರುಟು ದಿಂಬು, ಕೆಳಗೆ ಎರಡು. ನನ್ನ ಅತ್ತೆ ನನಗೆ ಹೇಳಿಕೊಟ್ಟಿದ್ದು."

"ದಿಂಬು ಯಾಕೆ ಇಡಬೇಕು ಅಂತ ಕೇಳಲಿಲ್ವಾ?"

"ಕೇಳಿದೆ. ಬಟ್ಟೆ ಸರಿಯಾಗಿ ಬೀಳಲಿ ಅಂತ, ಅಂದಳು."

ಬಟ್ಟೆ ಮಡಿಸುವವಳು ಮರುದಿನ ಮತ್ತೆ ಹೋಗಿ ಪಟದ ಮುಂದೆ ನಿಂತಳು. ಇಲ್ಲಿ ಒಂದು ಮಾತು ಹೇಳಬೇಕು. ಅವಳು ಊರಿನವರೆಲ್ಲರಿಗಿಂತ ಜಾಣೆ ಎಂದಲ್ಲ. ಎಲ್ಲರೂ ಆ ಪಟದಲ್ಲಿ ಮಗುವನ್ನು ನೋಡುತ್ತಿದ್ದರು. ಅವಳು ಬಟ್ಟೆಯನ್ನು ನೋಡಿದಳು, ಯಾಕೆಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಹಾಸಿಗೆಯ ಮೇಲೆ ಬಿದ್ದ ಬಟ್ಟೆ ಹೇಗಿರುತ್ತದೆ, ಹಗ್ಗದ ಮೇಲೆ ಹೇಗಿರುತ್ತದೆ, ಮೈಮೇಲೆ ಹೇಗಿರುತ್ತದೆ ಎಂದು ಅವಳ ಬೆರಳುಗಳಿಗೆ ಗೊತ್ತಿತ್ತು.

ಆ ಬಟ್ಟೆ ಮೈಮೇಲೆ ಬಿದ್ದಿತ್ತು.

ಮೇಲಿನ ದುಂಡು ತಲೆ. ಇಳಿಜಾರು ಹೆಗಲು. ಕೆಳಗಿನ ಎರಡು ಉಬ್ಬು ಮೊಣಕಾಲು. ಮಗುವಿನ ಸೊಂಟದ ಹತ್ತಿರ ಅಂಗಿಯನ್ನೂ ಬಟ್ಟೆಯನ್ನೂ ಒಟ್ಟಿಗೆ ಒಳಗಿನಿಂದ ಯಾರೋ ಹಿಡಿದಿದ್ದರು. ಅಲ್ಲಿ ನಾಲ್ಕು ಸಣ್ಣ ನಿರಿಗೆ ಬಿದ್ದಿದ್ದವು, ಕೈಯ ನಾಲ್ಕು ಬೆರಳುಗಳ ನಡುವೆ ಇರುವಷ್ಟೇ ಅಂತರದಲ್ಲಿ. ಗಾಳಿಗೆ ಆದ ಸುಕ್ಕು ಎಂದು ಅತ್ತೆ ಅವಳಿಗೆ ಹೇಳಿದ್ದಳು. ಗಾಳಿ ಹಾಗೆ ಹಿಡಿಯುವುದಿಲ್ಲ.

ಪಟದ ಮಗು ಒಂಟಿಯಾಗಿ ಕೂತಿರಲಿಲ್ಲ. ಅದು ತಾಯಿಯ ಮಡಿಲಲ್ಲಿ ಕೂತಿತ್ತು. ನಲವತ್ತು ಎಣಿಸುವಷ್ಟು ಹೊತ್ತು ಮೂರು ವರ್ಷದ ಮಗು ಸುಮ್ಮನಿರಲಾರದು ಎಂದು ಪಟ ತೆಗೆಯುವವನಿಗೆ ಗೊತ್ತಿತ್ತು. ಆದರೆ ಪಟದಲ್ಲಿ ಮಗು ಮಾತ್ರ ಕಾಣಬೇಕಾಗಿತ್ತು. ಅದಕ್ಕೇ ತಾಯಿಯನ್ನು ಕೂರಿಸಿ, ಅವಳ ಮೇಲೆ ಬಟ್ಟೆ ಹೊದಿಸಿದ್ದ.

ಊರಿನಲ್ಲಿ ಪಟಕ್ಕೆ ಅರ್ಥ ಹೇಳುವವರು ಒಬ್ಬ ಅಜ್ಜ. ಎಲ್ಲರೂ ಅವರನ್ನು ಅರ್ಥದಜ್ಜ ಎನ್ನುತ್ತಿದ್ದರು. ಕುರ್ಚಿಯ ಮುಂದೆ ನಿಂತು ನಲವತ್ತು ಎಣಿಸುತ್ತಿದ್ದವರೂ ಅವರೇ. ಬಟ್ಟೆ ಮಡಿಸುವವಳು ಅವರ ಜಗಲಿಗೆ ಹೋಗಿ, ಕಂಡದ್ದನ್ನೆಲ್ಲ ಹೇಳಿದಳು.

ಅಜ್ಜ ಸಿಟ್ಟಾಗಲಿಲ್ಲ. ಸರಿದು ಅವಳಿಗೆ ಕೂರಲು ಜಾಗ ಬಿಟ್ಟರು.

"ನಿನ್ನ ಮಗು ಕೂರಲ್ಲ ಅಂತ ಕೇಳಿದೀನಿ ತಾಯಿ," ಎಂದರು. "ಸಂಕಟದಲ್ಲಿ ಇರೋರಿಗೆ ಬಟ್ಟೇಲಿ ಏನೇನೋ ಕಾಣುತ್ತೆ."

"ಸಂಕಟ ಇದೆ ಅಜ್ಜಾ. ಇಲ್ಲ ಅನ್ನಲ್ಲ. ಆದರೆ ಮೊಣಕಾಲು ಮೊಣಕಾಲೇ. ನೀವೇ ಒಂದ್ಸಲ ಹಗ್ಗದ ಈಚೆ ಬಂದು ನೋಡಿ."

"ನಾನು ನೋಡಲ್ಲ."

"ಯಾಕೆ?"

"ನೀನು ಹೇಳೋದು ನಿಜ ಆಗಿಬಿಟ್ಟರೆ?" ಅಜ್ಜನ ದನಿ ಸಣ್ಣದಾಯಿತು. "ನನಗೂ ಒಬ್ಬಳು ಮಗಳಿದ್ದಳಮ್ಮಾ. ನಾನೇ ಎಣಿಸಿದ್ದು. ಇಪ್ಪತ್ತೆಂಟಕ್ಕೆ ಅಲುಗಿದಳು. ನಾನೇ ಎತ್ತಿಕೊಂಡು ಹೋಗಿ ಸೇತುವೆ ಮೇಲೆ ಇಳಿಸಿ ಬಂದೆ. ಮೂವತ್ತಾರು ವರ್ಷ ಆಯ್ತು. ನನ್ನ ಹೆಂಡತಿ ಸಾಯೋವರೆಗೂ ನನ್ನ ಜೊತೆ ಮಾತಾಡಲಿಲ್ಲ. ಪಟ ಹೇಳಿದ್ದನ್ನ ಮಾಡಿದೆ ಅಂದುಕೊಂಡು ನಾನು ದಿನಾ ಎರಡು ತುತ್ತು ಉಣ್ತಿದೀನಿ. ಪಟ ಹಾಗೆ ಹೇಳಿರಲೇ ಇಲ್ಲ ಅಂದರೆ ನಾನೇನು ಉಣ್ಣಲಿ?"

ಬಟ್ಟೆ ಮಡಿಸುವವಳಿಗೆ ಅಜ್ಜನ ಮೇಲೆ ಕನಿಕರವಾಯಿತು. ಆದರೆ ಅವಳ ಮಗುವಿಗೆ ಮೂರು ತುಂಬಲು ಎರಡೇ ದಿನ ಉಳಿದಿತ್ತು. ಕನಿಕರಪಟ್ಟುಕೊಂಡೇ ಅವಳು ಎದ್ದು ಬಂದಳು.

ಆ ದಿನ ಬಂತು. ಗಾಜಿನ ಛಾವಣಿಯಿಂದ ಬೆಳಕು ನೇರವಾಗಿ ಕುರ್ಚಿಯ ಮೇಲೆ ಇಳಿದಿತ್ತು. ಊರಿನವರು ಹಗ್ಗದ ಆಚೆ ಕೈಕಟ್ಟಿ ನಿಂತರು. ಅರ್ಥದಜ್ಜ ಅವರ ಮುಂದೆ, ಹಗ್ಗಕ್ಕೆ ತಾಗಿ, ಕುರ್ಚಿಗೆ ಎದುರಾಗಿ ನಿಂತರು. ಮಗು ಅತ್ತೆಯ ಕಂಕುಳಲ್ಲಿ ಮೀನಿನ ಹಾಗೆ ಒದ್ದಾಡುತ್ತಿತ್ತು. ಕುರ್ಚಿ ಬರಿದಾಗಿತ್ತು. ಬಟ್ಟೆ ಇನ್ನೂ ಮಡಿಕೆಯಲ್ಲೇ ಇತ್ತು.

"ಬಟ್ಟೆ ಹೊದಿಸಮ್ಮಾ," ಎಂದರು ಅಜ್ಜ.

ಬಟ್ಟೆ ಮಡಿಸುವವಳು ಬಟ್ಟೆಯನ್ನು ಬಿಡಿಸಿ ಕುರ್ಚಿಗೆ ಹೊದಿಸಿದಳು. ಅದು ಮೂಲೆಯಲ್ಲಿ ಚೂಪಾಗಿ ಮುರಿದು ನೆಟ್ಟಗೆ ಇಳಿಯಿತು.

"ದಿಂಬು ಎಲ್ಲೇ?" ಎಂದು ಅತ್ತೆ ಪಿಸುಗುಟ್ಟಿದಳು. "ದಿಂಬು ಮರೆತೆಯಾ?"

"ಮರೆತಿಲ್ಲ," ಎಂದು ಸೊಸೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಇದು ಬರೀ ಕುರ್ಚಿಗೆ ಹೊದಿಸಿದ್ದು. ಎಲ್ಲರೂ ಪಟ ನೋಡಿ, ಇದನ್ನ ನೋಡಿ. ಒಂದೇ ಥರ ಇದೆಯಾ?"

ಜನ ಪಟ ನೋಡಿದರು, ಕುರ್ಚಿ ನೋಡಿದರು. ಒಂದೇ ಥರ ಇರಲಿಲ್ಲ.

ಅವಳು ಬಟ್ಟೆ ತೆಗೆದಳು. ಏಳು ಹೆಜ್ಜೆ ನಡೆದು ಬಾಗಿಲಾಚೆ ಹೋಗಬೇಕಾದವಳು ಹೋಗಿ ಕುರ್ಚಿಯ ಮೇಲೆ ಕೂತಳು. ಎರಡು ಮೊಣಕಾಲು ಜೋಡಿಸಿಕೊಂಡು ನೆಟ್ಟಗೆ ಕೂತಳು.

"ಅತ್ತೆ, ಮಗೂನ ಇಳಿಸಿ. ನನ್ನ ಮೇಲೆ ಬಟ್ಟೆ ಹೊದಿಸಿ."

ಅತ್ತೆ ಅಲುಗಲಿಲ್ಲ. ಅವಳು ಇಪ್ಪತ್ತು ವರ್ಷ ಆ ಕುರ್ಚಿಗೆ ದಿಂಬು ಇಟ್ಟವಳು. ಆ ಇಪ್ಪತ್ತು ವರ್ಷದಲ್ಲಿ ಎಷ್ಟು ಮಕ್ಕಳು ಅಲ್ಲಿಂದ ಸೇತುವೆಗೆ ಹೋದರೆಂದು ಅವಳಿಗೆ ಗೊತ್ತಿತ್ತು. ಅವಳು ಸೊಸೆಯ ಮೊಣಕಾಲನ್ನು ನೋಡಿದಳು, ಪಟದ ಉಬ್ಬನ್ನು ನೋಡಿದಳು.

"ಹೊದಿಸಿ ಅತ್ತೆ. ನಿಮ್ಮ ಕೈ ನನಗಿಂತ ಚೆನ್ನಾಗಿದೆ."

ಅತ್ತೆ ಮಗುವನ್ನು ಇಳಿಸಿದಳು. ಬಟ್ಟೆಯನ್ನು ಎರಡೂ ಕೈಯಿಂದ ಎತ್ತಿ, ಒಂದೇ ಸಲಕ್ಕೆ, ಸೊಸೆಯ ತಲೆಯಿಂದ ನೆಲದವರೆಗೆ ಬಿಟ್ಟಳು.

ಬಟ್ಟೆ ಬಿತ್ತು. ತಲೆಯ ಮೇಲೆ ದುಂಡಗಾಯಿತು. ಹೆಗಲಿನ ಮೇಲೆ ಜಾರಿತು. ಮೊಣಕಾಲಿನ ಮೇಲೆ ಉಬ್ಬಿ ನೆಲಕ್ಕಿಳಿಯಿತು. ಒಂದು ನಿರಿಗೆಯನ್ನೂ ಸರಿಪಡಿಸಬೇಕಾಗಲಿಲ್ಲ.

ಹಗ್ಗದ ಆಚೆ ಒಬ್ಬ ಮುದುಕಿ "ಅಯ್ಯೋ" ಎಂದಳು. ಅಷ್ಟೇ ಎಂದಳು. ಅವಳು ಯಾವ ಮಗುವನ್ನು ನೆನೆದು ಹಾಗೆ ಎಂದಳೋ, ಅಲ್ಲಿ ನಿಂತಿದ್ದ ಎಲ್ಲ ತಾಯಂದಿರಿಗೂ ಗೊತ್ತಿತ್ತು.

ಮಗುವಿಗೆ ಮಾತ್ರ ಇದೆಲ್ಲ ಆಟವಾಗಿತ್ತು. "ಅಮ್ಮ ಬಚ್ಚಿಟ್ಕೊಂಡಿದ್ದಾಳೆ!" ಎಂದು ಕೂಗಿ, ಕಡಗ ಝಲ್ಲೆನಿಸುತ್ತಾ ಓಡಿಹೋಗಿ ಆ ಬಟ್ಟೆಯ ಮೊಣಕಾಲು ಹತ್ತಿತು. ಒಳಗಿನಿಂದ ಒಂದು ಕೈ ಬಟ್ಟೆಯ ಸಮೇತ ಬಂದು ಅದರ ಸೊಂಟವನ್ನು ಹಿಡಿಯಿತು. ನಾಲ್ಕು ಸಣ್ಣ ನಿರಿಗೆ ಮೂಡಿದವು. ಮಗು ಹಿಂದಕ್ಕೆ ಒರಗಿ ಕೂತಿತು. ಆ ಮಗು ಕೂತದ್ದನ್ನು ಅವರೆಲ್ಲ ಅದೇ ಮೊದಲು ನೋಡಿದ್ದು.

ಅರ್ಥದಜ್ಜ ಅಭ್ಯಾಸದಿಂದ ಎಣಿಸತೊಡಗಿದರು. ಒಂದು. ಎರಡು. ಮೂರು. ಬೇರೆ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಹತ್ತು. ಹನ್ನೊಂದು. ಮಗು ಹಾಗೇ ಇತ್ತು. ಹತ್ತೊಂಬತ್ತು. ಇಪ್ಪತ್ತು. ಇಪ್ಪತ್ತೊಂದು ಎನ್ನುವಾಗ ಮಗು ತಿರುಗಿ, ಬಟ್ಟೆಯನ್ನು ಎತ್ತಿ, ಒಳಗೆ ತಲೆ ಹಾಕಿ, "ಸಿಕ್ಕಿದೆ!" ಎಂದಿತು.

ಕಟ್ಟಳೆಯ ಪ್ರಕಾರ ಮಗು ಅಲುಗಿತ್ತು. ಅದರಲ್ಲಿ ಅನುಮಾನ ಇರಲಿಲ್ಲ. ಅಲುಗಿತು ಎಂಬ ಮಾತನ್ನು ಅರ್ಥದಜ್ಜ ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಸೇತುವೆ. ಎಲ್ಲರೂ ಅವರ ಬಾಯನ್ನೇ ನೋಡಿದರು. ಬಟ್ಟೆ ಮಡಿಸುವವಳು ತಲೆಯ ಮೇಲಿನ ಬಟ್ಟೆ ಸರಿಸಿ, ಮಗುವನ್ನು ಎದೆಗೆ ಒತ್ತಿಕೊಂಡು, ಅವರನ್ನೇ ನೋಡಿದಳು.

ಅಜ್ಜ ಹಗ್ಗದ ಈಚೆ ಬಂದರು. ಪಟದ ಮುಂದೆ, ಒಂದು ಗೇಣು ದೂರದಲ್ಲಿ ನಿಂತು ನೋಡಿದರು. ಎಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರು ಮಗುವನ್ನು ಬಿಟ್ಟು ಬಟ್ಟೆಯನ್ನು ನೋಡಿದರು.

"ಮಗು ತಾಯಿ ಹತ್ತಿರಾನೇ ಇರಲಿ," ಎಂದರು. "ಹೆಸರಿಡಿ." ಆಮೇಲೆ ಯಾರ ಕಡೆಗೂ ನೋಡದೆ ಹೇಳಿದರು: "ನನ್ನ ಮಗಳನ್ನ ಯಾರಾದರೂ ಹೋಗಿ ಕರೆದುಕೊಂಡು ಬನ್ನಿ." ಎರಡು ಹೆಜ್ಜೆ ನಡೆದು ನಿಂತರು. "ಬೇಡ. ಕರೆಸಿಕೊಳ್ಳೋ ಮುಖ ನನಗಿಲ್ಲ. ನಾನೇ ಹೋಗ್ತೀನಿ."

"ನಿಮಗೆ ಒಬ್ಬರೇ ಸೇತುವೆವರೆಗೂ ನಡೆಯೋಕಾಗಲ್ಲ," ಎಂದಳು ಅತ್ತೆ. ಸೊಸೆಗೆ ಕಣ್ಣುಸನ್ನೆ ಮಾಡಿದಳು. "ಕೈ ಹಿಡ್ಕೊಂಡು ಹೋಗೇ. ಹೊಗೆಯಾದರೆ ಇಬ್ಬರೂ ಆಗಿ. ನಾನು ಈಚೆಯಿಂದ ನೋಡ್ತಿರ್ತೀನಿ."

ಬಟ್ಟೆ ಮಡಿಸುವವಳು ಒಂದು ಕೈಯಲ್ಲಿ ಅಜ್ಜನನ್ನು, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು ಸೇತುವೆ ಹತ್ತಿದಳು. ನಡುವೆ ಬಂದಾಗ ಅಜ್ಜ ಕಣ್ಣು ಮುಚ್ಚಿದರು. ಮಗು ಕೈ ಬಿಡಿಸಿಕೊಂಡು ಮುಂದೆ ಓಡಿತು. ಅವರಿಬ್ಬರೂ ಅದರ ಹಿಂದೆ ಕಾಲಿಟ್ಟರು. ಹೊಗೆಯಾಗಲಿಲ್ಲ. ನೆಲ ನೆಲದ ಹಾಗೇ ಇತ್ತು.

ಆಚೆ ಕೇರಿಯಲ್ಲಿ ಕೊಂಬೆಗಳು ಅಲುಗುತ್ತಿದ್ದವು. ಜೋಕಾಲಿ, ಕಡಗೋಲು, ಮಗ್ಗ, ಎಲ್ಲವೂ ಅಲುಗುತ್ತಿದ್ದವು. ಅಜ್ಜನ ಮಗಳ ಮನೆ ಯಾವುದೆಂದು ಕೇಳಿದಾಗ ಒಬ್ಬಾಕೆ ಬೆರಳು ತೋರಿಸಿದಳು. ಅಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಮಗ್ಗದ ಮುಂದೆ ಕೂತು ನೇಯುತ್ತಿದ್ದಳು. ಅಜ್ಜ ಬಾಗಿಲಲ್ಲಿ ನಿಂತರು.

"ಯಾರು?" ಎಂದಳು ಅವಳು, ಲಾಳಿ ನಿಲ್ಲಿಸದೆ.

"ನಾನು. ಪಟದ ಮನೆಯವನು."

ಲಾಳಿ ಅತ್ತ ಹೋಯಿತು, ಇತ್ತ ಬಂತು.

"ಈಗ ಯಾರ ಮಗೂನ ತಂದಿರಿ?"

"ಯಾರದ್ದೂ ಅಲ್ಲ. ಪಟವನ್ನ ತಪ್ಪಾಗಿ ಓದಿದ್ದೆ. ಅದನ್ನ ಹೇಳೋಕೆ ಬಂದೆ. ಆ ಮಗೂನ ತಾಯಿ ಹಿಡಿದುಕೊಂಡಿದ್ದಳು. ಬಟ್ಟೆಯ ಒಳಗೆ ಇದ್ದಳು. ನಾವು ನಿನ್ನನ್ನ ಯಾರೂ ಹಿಡಿದುಕೊಳ್ಳದೆ ಕೂರಿಸಿದೆವು."

ಮಗಳು ನೇಯುತ್ತಲೇ ಕೇಳಿದಳು: "ಇಪ್ಪತ್ತೆಂಟಕ್ಕೆ ಅಲ್ವಾ, ನಾನು ಅಲುಗಿದ್ದು?"

"ಇಪ್ಪತ್ತೆಂಟಕ್ಕೆ."

"ಯಾಕೆ ಅಲುಗಿದೆ ಅಂತ ಯಾವತ್ತೂ ಕೇಳಲಿಲ್ಲ ನೀವು."

"ಇಲ್ಲ. ಕೇಳಲಿಲ್ಲ. ಈಗ ಕೇಳ್ತೀನಿ."

ಅವಳು ಲಾಳಿಯನ್ನು ಕೈಯಲ್ಲಿ ಹಿಡಿದಳು. ಮಗ್ಗ ನಿಂತಿತು.

"ನೀವು ಚೆನ್ನಾಗಿ ಎಣಿಸ್ತಿದ್ದಿರಿ. ಇಪ್ಪತ್ತೇಳು ಅಂದಾಗ ನಿಮ್ಮ ಗಂಟಲು ಕಟ್ಟಿತು. ಇನ್ನು ಸ್ವಲ್ಪವೇ ಉಳೀತು ಅನ್ನೋ ಭಯ ಇರಬೇಕು ನಿಮಗೆ. ಅಪ್ಪ ಅಳ್ತಿದ್ದಾರೇನೋ ಅಂತ ನಾನು ಕತ್ತೆತ್ತಿ ನೋಡಿದೆ. ಅಷ್ಟೇ."

ಅಜ್ಜ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡರು. ಅವರ ಹೆಗಲು ಕುಲುಕಿತು, ಒಂದು ಸಲ, ಇನ್ನೊಂದು ಸಲ, ಆಮೇಲೆ ನಿಲ್ಲಲೇ ಇಲ್ಲ.

"ಒಳಗೆ ಬನ್ನಿ ಅಪ್ಪಾ," ಎಂದಳು ಮಗಳು. "ಬಾಗಿಲಿಗೆ ಅಡ್ಡ ನಿಂತರೆ ನನಗೆ ಎಳೆ ಕಾಣಲ್ಲ."